ಬಿಸಿಲಿಗೆ ಹಾಕಿದ ಚಿತ್ರಗಳು

ನೀಲಾಬಾಯಿ ಎರಡನೆಯ ಮೊಳೆಗೂ ಹಗ್ಗ ಬಿಗಿದು, ಬಾಯಲ್ಲಿ ಕಚ್ಚಿಕೊಂಡಿದ್ದ ಬಟ್ಟೆ ಕ್ಲಿಪ್ಪನ್ನು ಕೈಗೆ ತೆಗೆದುಕೊಂಡಳು. ಗಂಡ ವಿರುಪಾಕ್ಷಪ್ಪನನ್ನು ಮಣ್ಣು ಮಾಡಿ ಬಂದು ಎರಡು ತಾಸೂ ಆಗಿರಲಿಲ್ಲ. ಅಮೆರಿಕದ ಡ್ಯಾನ್‌ವಿಲ್‌ನ ಆ ಮನೆಯಲ್ಲಿ ಕೂತಿದ್ದ ನಾಲ್ಕು ಮಂದಿ ಮುಖ ಮುಖ ನೋಡಿಕೊಂಡರು.

"ಏನ್ ಮಾಡಾಕತ್ತೀಯವಾ ನೀಲಾ, ಇಂಥಾ ದಿನ?" ಎಂದಳು ಮುದುಕಿ ಭದ್ರಮ್ಮ.

"ಮಂದಿ ಬಂದಾರಲ್ಲ, ನೋಡ್ಲಿ. ಹದಿನೆಂಟು ವರ್ಷ ಈ ಜಪಾನಿ ಚಿತ್ರ ಕೂಡಿಟ್ರು. ಒಂದ್ ದಿನಾ ಗ್ವಾಡಿಗೆ ಹಾಕ್ಲಿಲ್ಲ."

"ಅಲ್ಲಾ ವೈನೀ, ಅರಿವಿ ಒಣಾ ಹಾಕ್ದಂಗ ಹಾಕೋದಾ? ಹೇಳಿದ್ರ ಫ್ರೇಮು ತರ್ತಿದ್ದೆ," ಎಂದ ವೀರಣ್ಣ. ಅವನು ವಿರುಪಾಕ್ಷಪ್ಪ ಕೆಲಸ ಮಾಡುತ್ತಿದ್ದ ಲ್ಯಾಬಿನವನೇ. ಯಾರೋ ಕಿಸಕ್ಕೆಂದು, ತಕ್ಷಣ ಕೆಮ್ಮಿದರು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಗುರುಬಸವ್ವ ಒಂದು ಹೆಜ್ಜೆ ಮುಂದೆ ಬಂದಳು. ಅತ್ತೆ ಹಗ್ಗ ಕಟ್ಟಿದ್ದು ಬಿಸಿಲು ಸುರಿಯುವ ಕಿಟಕಿಯ ಮುಂದೆ.

* * *

ಏಳನೇ ಇಯತ್ತೆಗೆ ಶಾಲೆ ಬಿಟ್ಟಿದ್ದ ಗುರುಬಸವ್ವನನ್ನು ಸೋದರತ್ತೆ ನೀಲಾಬಾಯಿ ಎಂಬತ್ಮೂರನೇ ಇಸವಿಯಲ್ಲಿ ಗದಗದಿಂದ ಕರೆಸಿಕೊಂಡಿದ್ದಳು. ಶನಿವಾರ ಮಧ್ಯಾಹ್ನ ಅತ್ತೆ ಗ್ರೋಸರಿಗೆ ಹೋದಾಗ ಮಾವ ಪರದೆ ಎಳೆದು, ಸಣ್ಣ ದೀಪ ಹಚ್ಚಿ, ಡ್ರಾಯರಿನಿಂದ ಹಾಳೆಗಳನ್ನು ತೆಗೆಯುತ್ತಿದ್ದ. ಮರದಚ್ಚಿನಿಂದ ಒತ್ತಿದ, ನೂರೈವತ್ತು ವರ್ಷದ ಚಿತ್ರಗಳು. ಅವಳು ಕೈ ತೊಳೆದು, ಎರಡೂ ಕೈಯಲ್ಲಿ ಹಿಡಿಯಬೇಕು.

"ಈ ನೀಲಿ ಹೂವಿನ ರಸದ್ದು. ಬಿಸಿಲು ಬಿತ್ತಂದ್ರ ಹೋತು. ನೀನರ ಕಾಯ್ತೀಯಲ್ಲ?"

ಅವಳು ತಲೆಯಾಡಿಸಿದ್ದಳು. ಆಸ್ಪತ್ರೆಯಲ್ಲೂ ಅವನು ಅದನ್ನೇ ಕೇಳಿದ, ಅಲ್ಲೂ ತಲೆಯಾಡಿಸಿದಳು. ಅತ್ತೆಗೆ ಯಾಕೆ ತೋರಿಸುವುದಿಲ್ಲ ಎಂದು ಕೇಳುವ ಧೈರ್ಯ ಮಾತ್ರ ಬಂದಿರಲಿಲ್ಲ.

* * *

"ಅತ್ತೀ, ಪರದೆ ಎಳೀಲೇನ್ರಿ? ಬಿಸಿಲಿಗೆ ಬಣ್ಣ ಹೋಗ್ತೈತಿ. ಮಾಮಾ ನನ್ನ ಕಡೆ ಮಾತು ತಗೊಂಡಾರ."

ಎಲ್ಲರೂ ತಿರುಗಿದರು. ನಾಲ್ಕು ಮಂದಿಯ ಮುಂದೆ ಅವಳು ಬಾಯಿಬಿಟ್ಟದ್ದು ಇದೇ ಮೊದಲು.

"ನಿನ್ನ ಕಡೆ?" ನೀಲಾಬಾಯಿಯ ದನಿ ಸಣ್ಣಗಾಯಿತು. ಹಗ್ಗಕ್ಕೆ ಸಿಕ್ಕಿಸಿದ್ದ ಒಂದು ಹಾಳೆಯತ್ತ ಕೈ ಮಾಡಿದಳು. "ಎಳಿಯವಾ. ಆದ್ರ ಇದೊಂದು ಹೇಳಿ ಎಳಿ. ಈ ಹೆಂಗಸು ಹೊಳ್ಯಾಗ ನಿಂತು ಏನ್ ಹುಡುಕಾಕತ್ತಾಳ?"

ಗುರುಬಸವ್ವನಿಗೆ ಗೊತ್ತಿರಲಿಲ್ಲ. ಎಷ್ಟೋ ಸಲ ಹಿಡಿದಿದ್ದ ಹಾಳೆ. ದೀಪದ ಬೆಳಕಿನಲ್ಲಿ ಆ ಹೊಳೆ ಕಪ್ಪಗಿತ್ತು. ಈಗ ನೀಲಿ, ಅವಳೆಂದೂ ಕಾಣದ ನೀಲಿ. ಮಾವನಾದರೂ ಇದನ್ನು ಹೀಗೆ ನೋಡಿದ್ದನೋ ಇಲ್ಲವೋ? ನೋಡದಿದ್ದರೆ, ಯಾರಿಗೆಂದು ಇದನ್ನು ಕಾಯಬೇಕು? ಕಿಟಕಿಯ ಬಳಿ ಬಂದು ಪರದೆಯ ದಾರ ಹಿಡಿದವಳಿಗೆ ಎಳೆಯಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ.

ನೀಲಾಬಾಯಿ ಉತ್ತರಕ್ಕೆ ಕಾಯದೆ, ಕೊನೆಯ ಕ್ಲಿಪ್ಪು ಹಾಕಲು ಹಗ್ಗಕ್ಕೂ ಕಿಟಕಿಗೂ ನಡುವೆ ತೂರಿದಳು. ತೆಳುವಾದ ಕಾಗದದ ಮೇಲೆ ಅವಳ ನೆರಳು ಬಿತ್ತು. ಆ ಜಪಾನಿ ಹೆಂಗಸಿನ ಪಕ್ಕದಲ್ಲಿ, ಸೊಂಟದವರೆಗೆ ನೀಲಿ ನೀರಲ್ಲಿ ನಿಂತು, ಇನ್ನೊಬ್ಬಳು ಎರಡೂ ಕೈ ಮೇಲೆತ್ತಿದಳು.