ಮೂರು ಬೆರಳ ಬಾಯಿ

ನಾನು ಒಂದು ಉಕ್ಕಿನ ಕೊಕ್ಕೆ. ಕೆಂಪಗೆ ಕಾದು, ಬಾಗಿ, ತಣ್ಣಗಾದ ಮೇಲೆ ಕಾರ್ಖಾನೆಯವರು ನಾನು ಹೊರಬೇಕಾದ ಭಾರದ ಎರಡು ಪಟ್ಟು ನನಗೆ ನೇತುಹಾಕಿ ಪರೀಕ್ಷಿಸಿದರು. ಜೀವ ಬಾಯಿಗೆ ಬಂತು. ಭಾರ ಇಳಿಸಿದಾಗ ನನ್ನ ಬಾಯಿಯ ಒಳಮೈ ತನ್ನಷ್ಟಕ್ಕೆ ಒತ್ತಿಕೊಂಡು ಬಿಗಿಯಾಯಿತು. ಮುಂದೆ ಸಾವಿರ ಸಲ ಭಾರ ಹೊತ್ತರೂ ಅಲ್ಲಿ ಬಿರುಕು ಏಳದಂತೆ ಕಾಯ್ದದ್ದು ಆ ಬಿಗಿತವೇ. ಆ ದಿನ ಮಾತ್ರ ನಾನು ಎಲ್ಲರನ್ನೂ ಮನಸಾರೆ ಬೈದಿದ್ದೆ.

ಇಂಡಿ ಕಡೆ ಬಾವಿ ತೋಡುವ ಮಾನಪ್ಪ ನನ್ನನ್ನು ಕೊಂಡ. ಎತ್ತುವ ಯಂತ್ರ ನಡೆಸುವವಳು ಅವನ ಹೆಂಡತಿ ತಾಯವ್ವ. ನನಗೆ ಕಬ್ಬಿಣದ ಬುಟ್ಟಿ ಸಿಕ್ಕಿಸಿ, ಅದರಲ್ಲಿ ಗಂಡನನ್ನು ನಿಲ್ಲಿಸಿ ಅರವತ್ತು ಅಡಿ ಕೆಳಗೆ ಬಿಡುವಳು. ಅದಕ್ಕೂ ಮೊದಲು ಸೆರಗಿನಿಂದ ನನ್ನನ್ನು ಒರೆಸಿ, ಬಾಯಿಯೊಳಗೆ ಮೂರು ಬೆರಳು ಇಡುವಳು. ಬಿಗಿಯಾಗಿ ಕೂತರೆ ಸರಿ, ಸಡಿಲವಾದರೆ ನಾನು ಬಾಯಿ ಬಿಟ್ಟಿದ್ದೇನೆ ಎಂದರ್ಥ. ಹನ್ನೆರಡು ವರ್ಷ ನಾನು ಆ ಬೆರಳುಗಳಿಗಾಗಿ ಪ್ರತಿ ಬೆಳಗೂ ಕಾದೆ.

ಒಂದು ದಿನ ಮಣ್ಣು ತುಂಬಿದ ಬುಟ್ಟಿ ಬಂಡೆಯ ಅಂಚಿಗೆ ಸಿಕ್ಕಿಕೊಂಡಿತು. ಯಂತ್ರ ಎಳೆಯಿತು. ನನ್ನ ಬಾಯಿ ನಾಲ್ಕು ಬೆರಳಿನಷ್ಟು ತೆರೆಯಿತು.

“ಹೊಸಾದು ತರೂಣ್ರಿ,” ಎಂದಳು ತಾಯವ್ವ.

“ಇಷ್ಟ ವರ್ಷ ನನ್ನ ಹೊತ್ತೈತಿ. ಒಗಿಯಾಕ ಮನಸ್ಸ ಬರವಲ್ದು,” ಎಂದ ಮಾನಪ್ಪ.

ಕಮ್ಮಾರ ಮೌನೇಶ ನನ್ನನ್ನು ಕಾಯಿಸದೆ, ಅಡಿಗಲ್ಲಿನ ಮೇಲಿಟ್ಟು ಬಡಿದು ಬಾಯಿ ಮುಚ್ಚಿಸಿದ. ಮತ್ತೆ ಮೂರು ಬೆರಳು ಸರಿಯಾಗಿ ಕೂತವು. ಮಾನಪ್ಪ ನಕ್ಕ. ಆದರೆ ಹಿಮ್ಮುಖವಾಗಿ ಬಾಗಿಸಿದ್ದರಿಂದ ನನ್ನ ಒಳಮೈಯ ಬಿಗಿತ ಹೋಗಿ, ಅಲ್ಲೇ ಬಿರುಕು ಬಿಡಿಸುವಂಥ ಒಂದು ಎಳೆತ ಉಳಿದಿತ್ತು. ಪ್ರತಿ ಇಳಿತ ಏರಿಕೆಗೂ ಒಂದು ಬಿರುಕು ಕೂದಲೆಳೆಯಷ್ಟು ಬೆಳೆಯಿತು. ಹೇಳೋಣವೆಂದರೆ ನನಗೆ ಬಾಯಿಯಿದ್ದೂ ಮಾತಿಲ್ಲ.

ಆರು ತಿಂಗಳ ಮೇಲೆ, ಒರೆಸುವಾಗ ತಾಯವ್ವನ ಸೆರಗಿನ ನೂಲೊಂದು ನನ್ನ ಬಿರುಕಿನಲ್ಲಿ ಸಿಕ್ಕಿಕೊಂಡಿತು. ಅವಳು ಬಿಡಿಸಿ ನೋಡಿದಳು.

“ಇವತ್ತ ಇಳಿಬ್ಯಾಡ್ರಿ.”

“ಮೂರ ಬೆರಳ ಕುಂತಾವಲ್ಲ?”

“ಕುಂತಾವ. ಆದ್ರೂ ಬ್ಯಾಡ. ಮೊದಲ ಕಲ್ಲ ತುಂಬಿ ಬಿಡೂಣು.”

ಬುಟ್ಟಿಗೆ ಕಲ್ಲು ತುಂಬಿ ಬಾವಿಯೊಳಗೆ ಬಿಟ್ಟಳು. ಹತ್ತು ಅಡಿ ಇಳಿಯುವಷ್ಟರಲ್ಲಿ ನಾನು ಮುರಿದೆ. ಕಲ್ಲುಗಳು ತಳ ಮುಟ್ಟಿದ ಸದ್ದು ಮೇಲೆ ಬಂದಾಗ ಮಾನಪ್ಪ ಬಾವಿಯ ಅಂಚಿನಿಂದ ಹಿಂದೆ ಸರಿದ. ತಾಯವ್ವ ಅವನ ತೋಳು ಹಿಡಿದುಕೊಂಡಳು, ಬಹಳ ಹೊತ್ತು ಬಿಡಲಿಲ್ಲ.

ಹಗ್ಗದ ತುದಿಯಲ್ಲಿ ಉಳಿದ ನನ್ನ ತುಂಡು ಈಗ ಅವರ ಮನೆಯ ಗೋಡೆಯ ಗೂಡಿನಲ್ಲಿದೆ. ಬೆರಳಿಡಲು ಬಾಯಿಯಿಲ್ಲ. ಹೊರಗೆ ತಾಯವ್ವ ಹೊಸ ಕೊಕ್ಕೆಯನ್ನು ಒರೆಸುವುದು ಕಾಣಿಸುತ್ತದೆ, ಹೊಟ್ಟೆ ಉರಿಯುತ್ತದೆ. ಮಾನಪ್ಪನ ಭಾರಕ್ಕಾಗಿ ನನ್ನ ಮೈಯೆಲ್ಲ ಹಂಬಲಿಸುತ್ತದೆ. ನಾನು ಮುರಿದ ಆ ಬೆಳಗ್ಗೆಯೂ ಹೀಗೇ ಹಂಬಲಿಸಿದ್ದೆ, ಅವನು ಬುಟ್ಟಿಗೆ ಕಾಲಿಡಲಿ ಎಂದು. ತಾಯವ್ವ ಇಡಗೊಡಲಿಲ್ಲ.