ನಡುಮನೆಗೆ ಬಣ್ಣ ಬಳಿದ ಭಾನುವಾರ

ಆ ಮನೆಯಲ್ಲಿ ನಡುಮನೆಯ ದೀಪದ ಸ್ವಿಚ್ಚು ಒತ್ತಿದರೆ ಬಾಗಿಲ ಬೆಲ್ಲು ಹೊಡೆದುಕೊಳ್ಳುತ್ತಿತ್ತು. ಅಡುಗೆಮನೆಯ ನಲ್ಲಿಯನ್ನು ಲೋಕದ ನಲ್ಲಿಗಳಿಗೆಲ್ಲ ವಿರುದ್ಧವಾಗಿ ತಿರುಗಿಸಬೇಕಿತ್ತು. ಕಪಾಟಿನ ಮೇಲಿನ ಬಾಗಿಲು ತೆಗೆದರೆ ಕೆಳಗಿನದು ತಾನಾಗಿಯೇ ತೆರೆದುಕೊಂಡು ಮೊಣಕಾಲಿಗೆ ಬಡಿಯುತ್ತಿತ್ತು. ಇವು ಕೆಟ್ಟು ಕೂತಿದ್ದ ಸಾಮಾನುಗಳು ಎಂದುಕೊಳ್ಳಬೇಡಿ. ಮನೆಯ ಯಜಮಾನರು ತಮ್ಮ ಕೈಯಾರೆ ರಿಪೇರಿ ಮಾಡಿದ್ದವು.

ಯಜಮಾನರು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಮೇಷ್ಟ್ರು. ಕಲಿಯುವವರ ಕಾಲು ಬ್ರೇಕಿನ ಹತ್ತಿರ ಹೋಗುವ ಮೊದಲೇ ತಮ್ಮ ಕಡೆಯ ಬ್ರೇಕನ್ನು ಒತ್ತಿಬಿಡುತ್ತಿದ್ದುದರಿಂದ ಊರಿನವರ ಬಾಯಲ್ಲಿ ಅವರು ಬ್ರೇಕ್ ಮೇಷ್ಟ್ರು. ರಸ್ತೆಯಲ್ಲಿ ಅಷ್ಟು ಹುಷಾರಾಗಿದ್ದ ಮನುಷ್ಯ ಮನೆಯಲ್ಲಿ ಸುತ್ತಿಗೆ ಹಿಡಿದರೆ ಮಾತ್ರ ಬ್ರೇಕೂ ಇಲ್ಲ, ಕ್ಲಚ್ಚೂ ಇಲ್ಲ. "ಅದಕ್ಯಾಕೆ ಬೇರೆಯವರನ್ನ ಕರೀಬೇಕು, ನಾನಿಲ್ವಾ?" ಎಂಬ ಮಾತು ಅವರ ಬಾಯಿಂದ ಹೊರಟ ಕೂಡಲೇ ಹೆಂಡತಿ ಗಾಜಿನ ಸಾಮಾನನ್ನೆಲ್ಲ ಅಟ್ಟಕ್ಕೇರಿಸುತ್ತಿದ್ದಳು. ಅವಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಮನೆಗೆ ಬರುವಾಗ ಹಾಲು ಮರೆತರೂ ಗಾಯದ ಮುಲಾಮು ಮರೆಯುತ್ತಿರಲಿಲ್ಲ.

ಮನೆಯಲ್ಲಿದ್ದ ಮೂರನೆಯವರು ಮೇಷ್ಟ್ರ ಅತ್ತೆ. ದೊಡ್ಡ ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದು ನಿವೃತ್ತರಾದವರು, ಬರೀ ಹುಬ್ಬು ಹಾರಿಸಿಯೇ ಇಡೀ ವಾರ್ಡನ್ನು ಆಳಿದ ಹೆಂಗಸು. ಮಂಡಿಯ ಆಪರೇಷನ್ ಆದ ಮೇಲೆ ಮಗಳ ಮನೆಗೆ ಬಂದಿದ್ದರು. ಅವರಿಗೂ ಅಳಿಯನಿಗೂ ನೇರ ಮಾತಿರಲಿಲ್ಲ. ಅದಕ್ಕೊಂದು ಕುರ್ಚಿ ಕಾರಣ.

ಬಂದ ಹೊಸದರಲ್ಲಿ ಅತ್ತೆಯ ಬೆತ್ತದ ಕುರ್ಚಿಯ ಕಾಲೊಂದು ಅಲುಗಾಡುತ್ತಿತ್ತು. ಮೇಷ್ಟ್ರು ಅದಕ್ಕೆ ಒಂದೇ ಒಂದು ಸ್ಕ್ರೂ ಹಾಕಿ, "ಇನ್ಮೇಲೆ ಆನೆ ಕೂತ್ರೂ ಅಲ್ಲಾಡಲ್ಲ" ಎಂದು ಕೊಟ್ಟರು. ಆನೆ ಕೂತಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಅತ್ತೆ ಕೂತಾಗ ಮಾತ್ರ, ಅವರನ್ನು ನೋಡಲು ಬಂದಿದ್ದ ಹಳೆಯ ನರ್ಸುಗಳೆಲ್ಲರ ಎದುರಿಗೇ, ಕುರ್ಚಿ ಅವರನ್ನು ಮೆಲ್ಲಗೆ ನೆಲಕ್ಕಿಳಿಸಿತು. ಪೆಟ್ಟೇನೂ ಆಗಲಿಲ್ಲ, ಮರ್ಯಾದೆಯೊಂದಕ್ಕೆ ಬಿಟ್ಟರೆ. ಅಂದಿನಿಂದ ಮಗಳೇ ಇಬ್ಬರ ನಡುವಿನ ಅಂಚೆ. ಮೂವರೂ ಒಂದೇ ಮೇಜಿಗೆ ಊಟಕ್ಕೆ ಕೂತಿದ್ದರೂ ಅತ್ತೆ, "ನಿನ್ನ ಗಂಡನಿಗೆ ಉಪ್ಪು ಈ ಕಡೆ ಸರಿಸೋಕೆ ಹೇಳು" ಅನ್ನುವರು. "ನಿಮ್ಮಮ್ಮನ ಪಕ್ಕದಲ್ಲೇ ಇದೆ, ನೋಡೋಕೆ ಹೇಳು" ಅನ್ನುವರು ಅಳಿಯ. ಹೆಂಡತಿ ಎದ್ದು ಉಪ್ಪು ಎತ್ತಿಕೊಟ್ಟು ಕೂರುವಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಮನೆಯಲ್ಲಿ ಕುಣಿಯದವರಿಗೂ ನೆಲ ಡೊಂಕಾಗಿಯೇ ಇತ್ತು. ನಡುಮನೆಯ ಸಿಮೆಂಟು ಅಲ್ಲಲ್ಲಿ ಎದ್ದು, ಬಿರುಕು ಬಿಟ್ಟು, ಎಷ್ಟು ಒರೆಸಿದರೂ ಮಾಸಲಾಗಿಯೇ ಕಾಣುತ್ತಿತ್ತು. "ಮೇಸ್ತ್ರಿ ಕರೆಸಿ ಟೈಲ್ಸ್ ಹಾಕಿಸೋಣ" ಎಂದು ಹೆಂಡತಿ ಅಂದಳು. ಅಂದದ್ದೇ ತಪ್ಪಾಯಿತು.

"ಮೇಸ್ತ್ರಿ ಯಾಕೆ, ನಾನಿಲ್ವಾ?"

ಅವಳು ಎದ್ದುಹೋಗಿ ಗಾಜಿನ ಲೋಟಗಳನ್ನು ಎತ್ತಿಡತೊಡಗಿದಳು.

ಮೇಷ್ಟ್ರು ಬಿರುಕುಗಳಿಗೆಲ್ಲ ಸಿಮೆಂಟು ಮೆತ್ತಿ, ಉಜ್ಜಿ, ನೆಲಕ್ಕೆ ಹಚ್ಚುವ ಬಣ್ಣ ತರಲು ಅಂಗಡಿಗೆ ಹೋದರು. ಅಂಗಡಿಯವನು ಡಬ್ಬ ಕೊಡುತ್ತ, "ಒಳಗಿಂದ ಶುರು ಮಾಡಿ ಬಾಗಿಲ ಕಡೆ ಬನ್ನಿ ಸಾರ್. ಹಚ್ಚಿದ ಮೇಲೆ ಮಾರನೇ ದಿನದವರೆಗೂ ಯಾರೂ ಕಾಲಿಡಬಾರದು" ಅಂದ. ಅಷ್ಟು ಹೊತ್ತಿಗೆ ಮೇಷ್ಟ್ರ ಕಣ್ಣು ಬಣ್ಣದ ಮಾದರಿ ಹಾಳೆಯ ಮೇಲೆ ನೆಟ್ಟಿತ್ತು. ಎಲೆಹಸಿರು, ಪಾಚಿಹಸಿರು, ಗಿಣಿಹಸಿರು. "ಗೊತ್ತು, ಗೊತ್ತು" ಎಂದು ಗಿಣಿಹಸಿರನ್ನು ಕಂಕುಳಲ್ಲಿಟ್ಟುಕೊಂಡು ಬಂದರು.

ಭಾನುವಾರ ಬೆಳಗ್ಗೆ ಹೆಂಡತಿ ತನ್ನ ಗೆಳತಿಯ ಮನೆಗೆ ಹೊರಟಳು. ಅಮ್ಮನೂ ಜೊತೆಗೆ ಹೋಗುವುದೆಂದು ಹಿಂದಿನ ದಿನವೇ ಮಾತಾಗಿತ್ತು. ಮೇಷ್ಟ್ರು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮನೆ ನಿಶ್ಶಬ್ದ. ಇಬ್ಬರೂ ಹೋದರು ಎಂದುಕೊಂಡು ಹಿಗ್ಗಿದರು. ಮಧ್ಯೆ ಬಾಯಿ ಹಾಕುವವರಿಲ್ಲದೆ ಕೆಲಸ ಮಾಡುವ ಸುಖ ಎಷ್ಟು ವರ್ಷಕ್ಕೆ ಸಿಕ್ಕಿತ್ತೋ! ಮೇಜು, ಸೋಫಾ, ಕುರ್ಚಿ ಎಲ್ಲವನ್ನೂ ಹೊರಗಿನ ಜಗಲಿಗೆ ಎಳೆದರು. ಶರ್ಟು ಬಿಚ್ಚಿ, ಫೋನನ್ನು ಅದರ ಜೇಬಲ್ಲಿಟ್ಟು, ಜಗಲಿಯ ಮೊಳೆಗೆ ತೂಗುಹಾಕಿದರು. ಬನಿಯನ್ನು, ಲುಂಗಿ, ಸೊಂಟದಲ್ಲಿ ಸ್ಕ್ರೂಡ್ರೈವರು. ಅದಿಲ್ಲದೆ ಅವರಿಗೆ ಮೈಮೇಲೆ ಬಟ್ಟೆಯಿಲ್ಲದಂತೆ ಅನ್ನಿಸುತ್ತಿತ್ತು.

ಅವರ ಲೆಕ್ಕ ತೀರಾ ದಡ್ಡತನದ್ದೇನಲ್ಲ. ಬೀದಿ ಬಾಗಿಲಲ್ಲಿ ಬೆಳಕು ಚೆನ್ನಾಗಿದೆ, ಅಲ್ಲಿಂದ ಶುರು ಮಾಡಿ ಹಿಂದೆ ಹಿಂದೆ ಬಂದು, ಅಡುಗೆಮನೆಯ ಹಿಂಬಾಗಿಲಿಂದ ಹೊರಬೀಳುವುದು. ಆದರೆ ನಡುವೆ ಕೈಗೆ ಹುರುಪು ಬಂತು. ಕುಂಚ ಸರಕ್ಕನೆ ಹೋದಲ್ಲೆಲ್ಲ ಕಾಡು ಚಿಗುರಿದ ಹಾಗೆ ನೆಲ ಹೊಳೆಯುತ್ತಿತ್ತು. ಅಡುಗೆಮನೆಯ ಹೊಸ್ತಿಲ ಮುಂದೆಯೇ ಎಲ್ಲಕ್ಕಿಂತ ದೊಡ್ಡ ಬಿರುಕು ಇದ್ದದ್ದು. ಅದನ್ನು ಹಾಗೇ ನೋಡಿಕೊಂಡಿರಲು ಮನಸ್ಸಾಗದೆ, ಇದೊಂದನ್ನ ಈಗಲೇ ಮುಗಿಸಿಬಿಡೋಣ ಎಂದು ಅಲ್ಲಿಗೂ ಬಳಿದರು. ಗುನುಗುತ್ತ, ಕುಕ್ಕರುಗಾಲಲ್ಲಿ ಹಿಂದಕ್ಕೆ ಜರುಗುತ್ತ, ಎಡಕ್ಕೊಂದು ಬೀಸು, ಬಲಕ್ಕೊಂದು ಬೀಸು. ಕಾರು ಹಿಂದಕ್ಕೆ ತೆಗೆಯುವಾಗ ಮೊದಲು ಹಿಂದೆ ನೋಡಬೇಕು ಎಂದು ಅರ್ಧ ಊರಿಗೆ ಗಂಟಲು ಹರಿಯುವಂತೆ ಹೇಳಿಕೊಟ್ಟ ಮನುಷ್ಯ ತಾನೊಂದು ಸಲವೂ ತಿರುಗಿ ನೋಡಲಿಲ್ಲ. ಕೊನೆಗೆ ಬೆನ್ನು ಒಂದು ಬಾಗಿಲಿಗೆ ಢಬ್ಬೆಂದು ತಗುಲಿತು.

ಬಾಗಿಲು ಒಳಗಿನಿಂದ ತೆರೆದುಕೊಂಡಿತು. ಮೇಷ್ಟ್ರು ಅಂಗಾತ ಅತ್ತೆಯ ಕಾಲ ಬುಡಕ್ಕೆ ಬಿದ್ದರು. ಕುಂಚ ಮಾತ್ರ ಮೇಲಕ್ಕೆತ್ತಿ ಹಿಡಿದಿದ್ದರು.

ಅತ್ತೆ ಹೋಗಿರಲಿಲ್ಲ. ತಲೆನೋವೆಂದು ಮಾತ್ರೆ ನುಂಗಿ ತಮ್ಮ ಕೋಣೆಯಲ್ಲಿ ಮಲಗಿದ್ದರು. ಊರುಗೋಲು ಹಿಡಿದು ನಿಂತು ಮೊದಲು ಅಳಿಯನನ್ನು ನೋಡಿದರು, ಆಮೇಲೆ ನಡುಮನೆಯನ್ನು. ಗೋಡೆಯಿಂದ ಗೋಡೆಯವರೆಗೆ ಹಸಿರು. ಬೀದಿ ಬಾಗಿಲು ಆಚೆ ದಡದಲ್ಲಿ. ಅಡುಗೆಮನೆ ಇನ್ನೊಂದು ದಡದಲ್ಲಿ. ಅವರು ಅಭ್ಯಾಸದಂತೆ ಮಗಳಿಗಾಗಿ ಅತ್ತಿತ್ತ ಹುಡುಕಿದರು. ಅವಳಿಲ್ಲ. ಕೊನೆಗೆ ಗೋಡೆಯ ಕಡೆ ತಿರುಗಿ, "ಈ ಮನೇಲಿ ಯಾರಾದ್ರೂ ನನ್ನ ಮಗಳಿಗೆ ಫೋನ್ ಮಾಡ್ತಾರೋ ಹೇಗೆ?" ಅಂದರು.

ಮೇಷ್ಟ್ರು ಕಿಟಕಿಯ ಕಡೆ ತಿರುಗಿ, "ಫೋನು ಜಗಲೀಲಿದೆ" ಅಂದರು.

"ನನ್ನದು ಅಡುಗೆಮನೇಲಿ ಚಾರ್ಜಿಗಿದೆ" ಎಂದಿತು ಗೋಡೆ.

ಅತ್ತ ದರಿ, ಇತ್ತ ಪುಲಿ. ಪುಲಿಗಿಂತ ದರಿಯೇ ವಾಸಿ ಎನ್ನಿಸಿ ಮೇಷ್ಟ್ರು ಲುಂಗಿ ಎತ್ತಿ ಕಟ್ಟಿ, ತುದಿಗಾಲಲ್ಲಿ ಒಂದು ಹೆಜ್ಜೆ ಮುಂದಿಟ್ಟರು. ಕಾಲು ಜರ್ರನೆ ಜಾರಿತು. ಬೀಳದಿರಲು ಅಂಗೈ ಊರಿದರು. ಮತ್ತೆ ಕೋಣೆಯೊಳಗೆ ಬಂದು ಬಿದ್ದಾಗ ಒಂದು ಕೈ, ಒಂದು ಕಾಲು, ಅರ್ಧ ಲುಂಗಿ ಗಿಣಿಹಸಿರಾಗಿದ್ದವು. ಹೊಸ ನೆಲದ ಮೇಲೆ ಐದು ಬೆರಳಿನ ಗುರುತು ಅಚ್ಚುಕಟ್ಟಾಗಿ ಮೂಡಿತ್ತು. ಅತ್ತೆ ಹುಬ್ಬು ಹಾರಿಸಿದರು.

"ಕಿಟಕೀಲಿ ಕೂಗಿದ್ರೆ ಯಾರಾದ್ರೂ ಬರ್ತಾರೇನೋ" ಎಂದರು ಅತ್ತೆ, ಕಿಟಕಿಗೆ.

"ಬೇಡ, ಊರಿಗೆಲ್ಲ ಗೊತ್ತಾಗುತ್ತೆ" ಎಂದರು ಮೇಷ್ಟ್ರು, ತಮ್ಮ ಕಾಲಿಗೆ.

ಅತ್ತೆ ಮಂಚದಂಚಿಗೆ ಕೂತರು, ಎದ್ದರು, ಬಾಗಿಲಿಗೆ ಬಂದು ಬಚ್ಚಲುಮನೆಯನ್ನು ನೋಡಿದರು. ಬಚ್ಚಲ ಬಾಗಿಲು ಪಕ್ಕದ ಗೋಡೆಯಲ್ಲೇ ಇತ್ತು, ಹೇಳಿಕೊಳ್ಳುವಂಥ ದೂರವಲ್ಲ. ಆದರೆ ನಡುವೆ ಹಸಿ ಬಣ್ಣ, ಜೊತೆಗೆ ಹೊಸ ಮಂಡಿ. ಮತ್ತೆ ಬಂದು ಕೂತರು. ಕೊನೆಗೆ ನೇರವಾಗಿ ಅಳಿಯನ ಮುಖಕ್ಕೇ ಮುಖ ಕೊಟ್ಟು ಹೇಳಿದರು:

"ನೋಡಿ ಅಳಿಯಂದ್ರೇ, ಮಾತ್ರೆ ಜೊತೆ ಒಂದು ಚೊಂಬು ನೀರು ಕುಡಿದಿದೀನಿ. ಇನ್ನು ಸ್ವಲ್ಪ ಹೊತ್ತು ತಡ್ಕೋಬಲ್ಲೆ. ಆಮೇಲೆ ನಿಮ್ಮ ಬಣ್ಣ ಗಿಣ್ಣ ನಾನು ನೋಡಲ್ಲ."

ಮೇಷ್ಟ್ರಿಗೆ ಮೈ ಜುಮ್ಮೆಂದಿತು. ಹೆದರಿಕೆಗೋ, ಅತ್ತೆ ಮಾತಾಡಿಸಿದ್ದಕ್ಕೋ ಅವರಿಗೇ ತಿಳಿಯಲಿಲ್ಲ. ಕೋಣೆಯಲ್ಲೆಲ್ಲ ಕಣ್ಣಾಡಿಸಿದರು. ಮಂಚಕ್ಕೆ ಮರದ ಹಲಗೆಗಳಿದ್ದವು. ಹಾಸಿಗೆ ಎತ್ತಿ ಒಂದು ಹಲಗೆಯ ಸ್ಕ್ರೂ ಬಿಚ್ಚಿ, ಈ ಹೊಸ್ತಿಲಿಂದ ಬಚ್ಚಲ ಹೊಸ್ತಿಲಿಗೆ ಮೂಲೆಯಾಗಿ ಚಾಚಿ ನೋಡಿದರು. ಒಂದು ಗೇಣು ಸಾಲದು.

"ಎರಡು ಹಲಗೆ ಸೇರಿಸಬೇಕು ಅತ್ತೆ. ಮಧ್ಯೆ ಒಂದು ಸ್ಕ್ರೂ ಬಿಗಿದ್ರೆ…"

"ನೀವು ಬಿಗಿದ ಒಂದು ಸ್ಕ್ರೂ ಮೇಲೆ ನಾನು ಒಂದು ಸಲ ಕೂತಿದೀನಿ" ಎಂದರು ಅತ್ತೆ.

ಮೇಷ್ಟ್ರ ಕಿವಿ ಕೆಂಪಾಯಿತು. ಸ್ಕ್ರೂಡ್ರೈವರನ್ನು ಬೆರಳ ನಡುವೆ ತಿರುಗಿಸುತ್ತ ನಿಂತರು. "ಅವತ್ತೇ ಕ್ಷಮಿಸಿ ಅನ್ನಬೇಕಿತ್ತು" ಎಂದರು. "ನಾನು ಹೇಳಿ ಕಳಿಸಿದ್ದೆ, ಇವಳ ಹತ್ರ."

"ಅವಳು ಹೇಳಿದ್ಲು. ಇಂಥದ್ದನ್ನೆಲ್ಲ ಹೇಳಿ ಕಳಿಸ್ತಾರೇನ್ರೀ?"

ಉತ್ತರಕ್ಕೆ ಕಾಯಲು ಅತ್ತೆಗೆ ಪುರುಸೊತ್ತಿರಲಿಲ್ಲ. ಬೀರುವಿನಿಂದ ಮಂಡಿಗೆ ಸುತ್ತುವ ಬ್ಯಾಂಡೇಜು ಸುರುಳಿಗಳನ್ನು ತೆಗೆದರು. "ಇನ್ನೊಂದು ಹಲಗೆ ಬಿಚ್ಚಿ. ಒಂದರ ಮೇಲೊಂದು ಒಂದು ಮೊಳ ಬರ್ಲಿ. ಮುರಿದ ಕಾಲಿಗೆ ಪಟ್ಟಿ ಕಟ್ಟೋ ಹಾಗೆ ಕಟ್ಟಬೇಕು. ಎಳೀರಿ. ಇನ್ನೂ ಎಳೀರಿ, ಅದಕ್ಕೇನು ನೋಯುತ್ತಾ?" ಮೇಷ್ಟ್ರು ಎಳೆದರು. ಅತ್ತೆ ಎಂಟರ ಆಕಾರದಲ್ಲಿ ಸುತ್ತಿ ಸುತ್ತಿ ಗಂಟು ಹಾಕಿದರು. ಹಲಗೆಗಳು ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಂದ ರೋಗಿಯ ಹಾಗೆ ಕಂಡವು.

"ನಡೂಮಧ್ಯೆ ಬಗ್ಗುತ್ತೆ, ಕೆಳಗೆ ಮಂಚದ ಪಕ್ಕದ ಆ ಗಿಡ್ಡ ಮುಕ್ಕಾಲಿ ಇಡಿ" ಎಂದರು ಅತ್ತೆ.

"ಅಯ್ಯೋ, ಬಣ್ಣದ ಮೇಲೆ ಗುರುತು ಬೀಳುತ್ತೆ!"

"ಮೂರು ಚುಕ್ಕೆ ಬಿದ್ರೆ ಪ್ರಪಂಚ ಮುಳುಗಲ್ಲ. ನಾನು ಬಿದ್ರೆ ನಿಮ್ಮ ಸಂಸಾರ ಮುಳುಗುತ್ತೆ."

ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಮುಕ್ಕಾಲಿ ಇಟ್ಟರು. ನಡುವೆ ಮುಕ್ಕಾಲಿಯ ಎತ್ತರ ಬಂದದ್ದರಿಂದ ಎರಡೂ ಹೊಸ್ತಿಲಿನ ಮೇಲೆ ಅತ್ತೆಯ ಹಳೆಯ ದಪ್ಪ ಪುಸ್ತಕಗಳನ್ನು ಪೇರಿಸಿ ಸೇತುವೆಯನ್ನು ಸಮ ಮಾಡಿದರು. ಆಚೆ ತುದಿಗೆ ಪುಸ್ತಕ ಇಡಲು ತಾವೇ ಹಲಗೆಯ ಮೇಲೆ ಹೊಟ್ಟೆಯೂರಿ ಹೋಗಿ ಬಂದರು. ಹಲಗೆ ಕಿರ್ರೆಂದಿತು, ಬ್ಯಾಂಡೇಜು ಕಚ್ಚಿ ಹಿಡಿದಿತ್ತು. ಆಮೇಲೆ ಈಚೆ ತುದಿಯ ಮೇಲೆ ಭಾರಕ್ಕೆ ಕೂತು, ಊರುಗೋಲನ್ನು ಮೆಟ್ಟಿಲ ಕಂಬಿಯ ಹಾಗೆ ಚಾಚಿದರು. ಅತ್ತೆ ಅದನ್ನು ಹಿಡಿದು ಹತ್ತಿದರು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ.

"ನಿಧಾನ, ನಿಧಾನ. ಮುಂದೆ ನೋಡಿ, ಕೆಳಗೆ ನೋಡ್ಬೇಡಿ. ಅರ್ಧ ಕ್ಲಚ್ಚಲ್ಲಿ ಬನ್ನಿ" ಎಂದು ಮೇಷ್ಟ್ರು ಅಭ್ಯಾಸಬಲದಿಂದ ಹೇಳುತ್ತಿದ್ದರು. ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

ಅತ್ತೆ ಆಚೆ ದಡ ಸೇರಿ, ಗಂಭೀರವಾಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅದೇ ಹೊತ್ತಿಗೆ ಬೀದಿ ಬಾಗಿಲು ತೆರೆಯಿತು. ತಲೆನೋವಿದ್ದ ಅಮ್ಮನನ್ನು ಒಬ್ಬಳನ್ನೇ ಬಿಟ್ಟು ಬಂದೆನಲ್ಲ ಎಂದು ಹೆಂಡತಿ ಊಟಕ್ಕೂ ನಿಲ್ಲದೆ ಬಂದಿದ್ದಳು. ಕಂಡದ್ದು ಹಸಿರು ಸಮುದ್ರ, ಅದರಾಚೆ ಹಲಗೆಯ ಮೇಲೆ ಕೋಲು ಹಿಡಿದು ಕೂತ ಹಸಿರು ಗಂಡ.

"ಏನ್ರೀ ಇದು! ಅಮ್ಮ ಎಲ್ಲಿ? ಅಮ್ಮನಿಗೆ ಏನು ಮಾಡಿದ್ರಿ?" ಎನ್ನುತ್ತ ಕಾಲು ಮುಂದಿಡಲು ಹೋದಳು.

"ಅಲ್ಲೇ ನಿಲ್ಲು!" ಎಂದು ಮೇಷ್ಟ್ರು ಕಿರುಚಿದರು. ಬಚ್ಚಲ ಒಳಗಿನಿಂದ ಇನ್ನೂ ಜೋರಾಗಿ, "ಕಾಲಿಡಬೇಡ ಕಣೇ! ಅವರು ಬೆಳಗಿಂದ ಕಷ್ಟಪಟ್ಟಿದಾರೆ!" ಎಂಬ ದನಿ ಬಂತು. ಹಿಂದೆಯೇ, "ಅಳಿಯಂದ್ರೇ, ಹಲಗೆ ಹಿಡ್ಕೊಂಡಿದೀರಾ? ಬರ್ತಾ ಇದೀನಿ."

"ಹಿಡ್ಕೊಂಡಿದೀನಿ ಅತ್ತೆ, ಬನ್ನಿ."

ಹೆಂಡತಿ ಜಗಲಿಗೆ ಹಿಂದೆ ಸರಿದು, ಅಲ್ಲಿದ್ದ ಸೋಫಾದ ಮೇಲೆ ಕುಸಿದು ಕೂತಳು. ಎಷ್ಟೋ ಹೊತ್ತಿನ ಮೇಲೆ ನಗು ಬಂತು. ಬಂದ ಮೇಲೆ ನಿಲ್ಲಲಿಲ್ಲ.

ಆ ದಿನದ ಊಟ ತಿಂಡಿಯೆಲ್ಲ ಕಿಟಕಿಯ ಸರಳಿನ ನಡುವಿಂದ ನಡೆಯಿತು. ಹೆಂಡತಿ ಹಿಂಬಾಗಿಲಿಂದ ಅಡುಗೆಮನೆಗೆ ಹೋಗಿ ಚಹಾ ಮಾಡಿ ತಂದಳು, ಬ್ರೆಡ್ಡು, ಬಾಳೆಹಣ್ಣು ತೂರಿಸಿದಳು. "ನಿಮ್ಮಮ್ಮನಿಗೆ ಸಕ್ಕರೆ ಸಾಕಾ ಕೇಳು" ಎಂದು ಮೇಷ್ಟ್ರು ಅಂದದ್ದಕ್ಕೆ, "ನಾನು ಇಲ್ಲೇ ಪಕ್ಕದಲ್ಲಿದೀನಲ್ರೀ" ಎಂದು ಅತ್ತೆ ಗದರಿದರು. ಅಳಿದುಳಿದ ಹಲಗೆಗಳನ್ನು ಅಗಲಿಸಿ ಅತ್ತೆಗೆ ಮಂಚ ಸರಿಮಾಡಿ, ಮೇಷ್ಟ್ರು ನೆಲದ ಮೇಲೆ ಹೊದಿಕೆ ಹಾಸಿಕೊಂಡರು. ಅತ್ತೆ ವಾರ್ಡಿನ ಕಥೆ ಹೇಳಿದರು. ಮೇಷ್ಟ್ರು, ಬ್ರೇಕಿನ ಬದಲು ವೈಪರ್ ಹಾಕಿ ಕಣ್ಣು ಮುಚ್ಚಿಕೊಂಡ ಜಡ್ಜೊಬ್ಬರ ಕಥೆ ಹೇಳಿದರು. ಗೆಳತಿಯ ಮನೆಗೆ ಮಲಗಲು ಹೊರಟಿದ್ದ ಹೆಂಡತಿ ಕಿಟಕಿಯ ಹೊರಗೆ ನಿಂತು, ತನ್ನ ಅಮ್ಮ ಬಿದ್ದು ಬಿದ್ದು ನಗುವುದನ್ನು ಕೇಳಿ, ಚಪ್ಪಲಿ ಸದ್ದಾಗದಂತೆ ಹೋದಳು.

ಬೆಳಗ್ಗೆ ನೆಲ ಒಣಗಿತ್ತು. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಬಂದಿತ್ತು. ಒಂದು ಅಂಗೈ, ಒಂದು ಪಾದ, ಮೂರು ಚುಕ್ಕೆ. ಹೆಂಡತಿ ಅಂಗೈ ಮೇಲೊಂದು, ಪಾದದ ಮೇಲೊಂದು ಚಾಪೆ ಹಾಕಿದಳು. "ಚುಕ್ಕೆ ಹಾಗೇ ಇರ್ಲಿ, ಅದು ನನ್ನದು" ಎಂದರು ಅತ್ತೆ.

ಹೆಂಡತಿಯ ನೆಮ್ಮದಿ ಹೆಚ್ಚು ದಿನ ಉಳಿಯಲಿಲ್ಲ. ಮೊದಲು ಇಬ್ಬರ ನಡುವೆ ಮಾತು ಹೊತ್ತು ಸಾಕಾಗುತ್ತಿತ್ತು, ಈಗ ಅವಳ ಮಾತನ್ನು ಕೇಳುವವರೇ ಇಲ್ಲ. ಊಟದ ಮೇಜಿನಲ್ಲಿ ಬರೀ ಮೊಳೆ, ಮರ, ಅಳತೆ. "ಅವರಿಗೆ ಕೈಯಿದೆ, ಹೇಳೋರು ಇರಲಿಲ್ಲ ಅಷ್ಟೇ" ಎಂದು ಅಮ್ಮನೇ ಅಳಿಯನ ಪರ ವಕಾಲತ್ತು ಮಾಡತೊಡಗಿದ್ದರು.

ಒಂದು ಬೆಳಗ್ಗೆ ಮೇಷ್ಟ್ರು ಕ್ಲಾಸಿಗೆ ಹೊರಡಲು ಕಾರಿನ ಬೀಗದ ಕೈ ಹುಡುಕುತ್ತ ಅಡುಗೆಮನೆಗೆ ಬಂದರು. ಅಲ್ಲಿ ಅತ್ತೆ ಕಪಾಟಿನ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದರು. ಕೆಳಗಿನ ಬಾಗಿಲು ಅವರ ಮೊಣಕಾಲಿಗೆ ಬಡಿದು ಆಗತಾನೆ ನಿಂತಿತ್ತು. ಅವರು ಅದನ್ನು ಆಪರೇಷನ್ನಿಗೆ ಬಂದ ರೋಗಿಯನ್ನು ನೋಡುವಂತೆ ನೋಡುತ್ತ, ತಲೆಯೆತ್ತದೆಯೇ ಕೈ ಚಾಚಿದರು.

"ಅಳಿಯಂದ್ರೇ, ಸ್ಕ್ರೂಡ್ರೈವರ್ ಕೊಡಿ."

ಮೇಷ್ಟ್ರು ನಿಂತಲ್ಲೇ ನಿಂತರು. ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಎಲ್ಲರೂ ಅವರಿಗೆ ಸ್ಕ್ರೂಡ್ರೈವರ್ ಕೆಳಗಿಡಿ ಎಂದಿದ್ದರೇ ಹೊರತು ಯಾರೂ ಕೊಡಿ ಎಂದಿರಲಿಲ್ಲ. ಸೊಂಟದಿಂದ ತೆಗೆದು, ಶರ್ಟಿನ ಅಂಚಿಗೆ ಒರೆಸಿ, ಹಿಡಿಯನ್ನು ಮುಂದೆ ಮಾಡಿ ಕೊಟ್ಟರು. ಆಮೇಲೆ ಡ್ರೈವಿಂಗ್ ಸ್ಕೂಲಿಗೆ ಫೋನ್ ಮಾಡಿ ಇವತ್ತು ತಡವಾಗುತ್ತದೆ ಎಂದು ಹೇಳಿ, ಅತ್ತೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಗಾಜಿನ ಲೋಟಗಳಿಗಾಗಿ ಏಣಿ ತರಲು ಹೋದಳು.