ಇರಲಿ ಎಂಬ ಗುಂಡಿ

ಪ್ರೋಗ್ರಾಮಿನಲ್ಲಿ ಬದಲಾದ ಸಾಲುಗಳನ್ನು ಪರದೆ ಎರಡು ಬಣ್ಣಗಳಲ್ಲಿ ತೋರಿಸುತ್ತಿತ್ತು. ತೆಗೆದುಹಾಕಿದ್ದು ಕೆಂಪು, ಹೊಸದಾಗಿ ಸೇರಿಸಿದ್ದು ಹಸಿರು. ಕೆಂಪೆಲ್ಲ ಅಕ್ಕ ಬರೆದದ್ದು, ಹಸಿರೆಲ್ಲ ತಂಗಿ ಬರೆದದ್ದು. ಅಮ್ಮನ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅಕ್ಕ ಹಸಿರು ಸಾಲುಗಳನ್ನು ಅಕ್ಕಿಯಲ್ಲಿ ಕಲ್ಲು ಆರಿಸುವವಳಂತೆ ನೋಡುತ್ತಿದ್ದಳು. ಒಂದು ತಪ್ಪೂ ಸಿಗಲಿಲ್ಲ. ಅದೇ ಅವಳಿಗೆ ಸಿಟ್ಟು ತರಿಸಿತು.

ಬ್ರೌಸರಿಗೆ ಸೇರಿಸಿಕೊಳ್ಳುವ ಆ ಪುಟ್ಟ ಎಕ್ಸ್‌ಟೆನ್ಷನ್ನನ್ನು ಅವಳು ಮೊದಲು ಮಾಡಿದ್ದು ಅಮ್ಮನಿಗಾಗಿ. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ನಿವೃತ್ತಳಾದ ಮೇಲೆ ಅಂದಿನ ಕರೆಗಳನ್ನು, ತಾನು ತಪ್ಪಾಗಿ ಜೋಡಿಸಿದ ಲೈನುಗಳಿಂದಾದ ಫಜೀತಿಗಳನ್ನು ಬ್ಲಾಗಿನಲ್ಲಿ ಬರೆಯತೊಡಗಿದಳು. ಪುಟ ತೆರೆದು, ಪಾಸ್‌ವರ್ಡ್ ಕೊಟ್ಟು, ಬರೆಯುವ ಜಾಗ ಹುಡುಕುವಷ್ಟರಲ್ಲಿ ಹೇಳಬೇಕಾದದ್ದೇ ಮರೆತುಹೋಗುತ್ತದೆ ಎಂದು ಗೊಣಗುತ್ತಿದ್ದಳು. ಅಕ್ಕ ಬ್ರೌಸರಿನ ಮೂಲೆಯಲ್ಲಿ ಒಂದು ಪುಟ್ಟ ಚಿತ್ರವನ್ನು ಕೂರಿಸಿದಳು. ಯಾವ ಪುಟ ನೋಡುತ್ತಿದ್ದರೂ ಸರಿ, ಅದನ್ನು ಒತ್ತಿದರೆ ಪಕ್ಕದಲ್ಲೇ ಬರೆಯುವ ಹಾಳೆ ತೆರೆದುಕೊಳ್ಳುತ್ತಿತ್ತು. ಬರೆದದ್ದನ್ನು ಕರಡಾಗಿ ಇಟ್ಟುಕೊಳ್ಳುವ ಗುಂಡಿಗೆ ತಮಾಷೆಗೆ 'ಕಾಪಾಡು' ಎಂದು ಹೆಸರಿಟ್ಟಳು. ಅಪ್ಪ ಅದನ್ನು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಿಮ್ಮಮ್ಮನ ಬರಹವನ್ನು ದೇವರೇ ಕಾಪಾಡಬೇಕು, ಸರಿಯಾಗಿಯೇ ಬರೆದಿದ್ದೀಯ ಎಂದರು. ಆ ಹೆಸರಿನ ಮೋಜಿಗೇ ಎಷ್ಟೋ ಬ್ಲಾಗಿಗರು ಅದನ್ನು ತಮ್ಮ ಬ್ರೌಸರಿಗೆ ಹಾಕಿಕೊಂಡಿದ್ದರು.

ಈಗ ಅಪ್ಪ ಇಲ್ಲ. ಬ್ರೌಸರಿನವರು ನಿಯಮ ಬದಲಾಯಿಸಿದ್ದರು; ಹಳೆಯ ಎಕ್ಸ್‌ಟೆನ್ಷನ್‌ಗಳು ಬರುವ ಸೋಮವಾರದಿಂದ ಕೆಲಸ ಮಾಡುವುದಿಲ್ಲ ಎಂದು ತಿಳಿಸಿದ್ದರು. ಅಕ್ಕ ಆಫೀಸಿನ ಕೆಲಸದಲ್ಲಿ ಮುಳುಗಿ ಇವತ್ತು ನಾಳೆ ಎನ್ನುತ್ತಿದ್ದಾಗ, ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ತಂಗಿ, ಪ್ರೋಗ್ರಾಮಿಂಗನ್ನು ಅಕ್ಕನಿಂದಲೇ ಕಲಿತವಳು, ಎಲ್ಲವನ್ನೂ ಹೊಸದಾಗಿ ಬರೆದು ಕಳಿಸಿಬಿಟ್ಟಳು. ಪ್ರಕಟಿಸುವ ಖಾತೆ ಮಾತ್ರ ಅಕ್ಕನ ಹೆಸರಿನಲ್ಲಿತ್ತು. ಅವಳು ಒಪ್ಪದೆ ಅದು ಯಾರಿಗೂ ತಲುಪುವಂತಿರಲಿಲ್ಲ. ನೋಡುತ್ತೇನೆ ಎಂದು ಹೇಳಿ ಅವಳು ಅದನ್ನು ಹಾಗೇ ಇಟ್ಟುಕೊಂಡಿದ್ದಳು.

ಒಳಕೋಣೆಯಲ್ಲಿ ಅಮ್ಮ ನಗುತ್ತಿದ್ದಳು. ಫೋನಿನ ಆ ಕಡೆ ತಂಗಿ. ಅಮ್ಮ ಅವಳನ್ನು ಗುಬ್ಬಿ ಎಂದು ಕರೆಯುತ್ತಿದ್ದಳು. ದೊಡ್ಡವಳಿಗೆ ಅಂಥ ಮುದ್ದಿನ ಹೆಸರಿರಲಿಲ್ಲ. ಗುಬ್ಬಿ ಮಾತು ಕಲಿತು ಅಕ್ಕ ಎಂದದ್ದೇ ತಡ, ಮನೆಯವರೆಲ್ಲ ಅವಳನ್ನು ಅಕ್ಕ ಎಂದೇ ಕರೆದರು. ಹೆತ್ತವಳೂ ಹಾಗೆಯೇ ಕರೆದಳು. ಕರಡು ಕಾಣಿಸುತ್ತಿಲ್ಲ, ಬಾ ನೋಡು ಎಂಬ ಫೋನು ಮೊದಲೆಲ್ಲ ಬರುತ್ತಿದ್ದದ್ದು ಅಕ್ಕನಿಗೆ. ಮೀಟಿಂಗಿನಲ್ಲಿದ್ದರೂ ಎದ್ದು ಹೊರಗೆ ಬಂದು ಮಾತಾಡುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಆ ಫೋನು ನಿಂತಿತು. ತೊಂದರೆಯೇನೂ ಇಲ್ಲ ಎಂದುಕೊಂಡಿದ್ದಳು. ಫೋನು ಗುಬ್ಬಿಗೆ ಹೋಗುತ್ತಿದೆ ಎಂಬುದು ಅವಳಿಗೆ ಈಚೆಗಷ್ಟೇ ತಿಳಿದಿತ್ತು.

ಪರದೆಯ ಮೇಲೆ ಅಕ್ಕನ ಬೆರಳು ನಿಂತಿತು. 'ಕಾಪಾಡು' ಕೆಂಪಾಗಿತ್ತು. ಅದರ ಕೆಳಗೆ ಹಸಿರಿನಲ್ಲಿ 'ಇರಲಿ' ಎಂದಿತ್ತು.

ಸಿಟ್ಟಿನ ಜೊತೆಗೆ, ಕೊನೆಗೂ ಒಂದು ತಪ್ಪು ಸಿಕ್ಕಿತೆಂಬ ಹಿಗ್ಗೂ ಅವಳಿಗಾಯಿತು. ಅಮ್ಮ ಫೋನಿಟ್ಟ ಕೂಡಲೇ ತಂಗಿಗೆ ಫೋನ್ ಮಾಡಿದಳು.

"ಇರಲಿ ಅಂದ್ರೇನೇ? ಅದೊಂದು ಗುಂಡಿಗೆ ಇಡೋ ಹೆಸರಾ?"

"ಅಂತೂ ನೋಡಿದ್ಯಲ್ಲ," ಎಂದಳು ತಂಗಿ.

"ಎಲ್ರೂ ಹಾಕೋ ಹಾಗೆ ಉಳಿಸು ಅಂತ ಹಾಕಿದ್ರೂ ಸುಮ್ನಿರ್ತಿದ್ದೆ. ಬಸ್ಸಲ್ಲಿ ಯಾರೋ ಕಾಲು ತುಳಿದ್ರೆ ಹೇಳೋ ಮಾತು ಕಣೇ ಇದು, ಇರಲಿ ಬಿಡಿ ಅಂತ."

"ಬೇರೆ ಏನು ಬೇಕಾದ್ರೂ ತಿದ್ದು ಅಕ್ಕ. ಅದೊಂದನ್ನ ಮುಟ್ಟಬೇಡ."

"ಕಾಪಾಡು ಅನ್ನೋದು ಅಪ್ಪ ನೋಡಿ ನಕ್ಕಿದ್ದ ಪದ. ನನ್ನ ಪಕ್ಕದಲ್ಲಿ ಕೂತು ನಕ್ಕಿದ್ರು. ನೀನು ಅಲ್ಲಿರಲೇ ಇಲ್ಲ."

ಅಮ್ಮನನ್ನೇ ಕೇಳು ಎಂದು ಹೇಳಿ ತಂಗಿ ಫೋನಿಟ್ಟಳು.

ಅಕ್ಕ ಕೇಳಲಿಲ್ಲ. 'ಇರಲಿ'ಯನ್ನು ಅಳಿಸಿ 'ಕಾಪಾಡು' ಎಂದು ತಿದ್ದಿದಳು. ಪ್ರಕಟಿಸುವ ಮೊದಲು ಒಮ್ಮೆ ಪರೀಕ್ಷೆ ಮಾಡಲೆಂದು ಅಮ್ಮನ ಕಂಪ್ಯೂಟರಿಗೆ ಹಾಕಿ, ಏನಾದರೂ ಬರೆದು ನೋಡಮ್ಮ ಎಂದಳು.

ಅಮ್ಮ ಕನ್ನಡಕ ಏರಿಸಿಕೊಂಡು ಕೂತಳು. ಮದುವೆ ನಿಶ್ಚಯವಾದ ಇಬ್ಬರ ನಡುವೆ ಸೀಮೆಎಣ್ಣೆ ವ್ಯಾಪಾರಿಯೊಬ್ಬನ ಲೈನು ಸೇರಿಕೊಂಡ ಕಥೆಯನ್ನು ಹೇಳಿಕೊಳ್ಳುತ್ತ, ತನ್ನಷ್ಟಕ್ಕೇ ನಗುತ್ತ ಅರ್ಧ ಪುಟ ಬರೆದಳು. ಬಾಣದ ಗುರುತು ಗುಂಡಿಯ ತನಕ ಹೋಯಿತು. ಅಲ್ಲಿ ನಿಂತಿತು. ಅಮ್ಮ ಮೌಸಿನ ಮೇಲಿನ ಕೈಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. ಮತ್ತೆ ಮೌಸನ್ನು ಹಿಡಿದು ಹಾಳೆಯನ್ನೇ ಮುಚ್ಚಿಬಿಟ್ಟಳು.

"ಅಮ್ಮಾ, ಬರೆದಿದ್ದೆಲ್ಲ ಹೋಯ್ತಲ್ಲ."

"ಹೋಗ್ಲಿ ಬಿಡು. ದಿನಾ ಹೋಗುತ್ತೆ."

ಅಮ್ಮ ಆ ಗುಂಡಿಯನ್ನು ಒತ್ತುವುದನ್ನೇ ಬಿಟ್ಟಿದ್ದಾಳೆಂದು ಅಕ್ಕನಿಗೆ ಆಗ ತಿಳಿಯಿತು.

ಅಮ್ಮ ಕನ್ನಡಕವನ್ನು ಸೆರಗಿನಲ್ಲಿ ಒರೆಸುತ್ತ ಹೇಳಿದಳು. ಆಸ್ಪತ್ರೆಯಲ್ಲಿ ಅಪ್ಪನ ಮಂಚದ ಪಕ್ಕ ಕೂತು ಬರೆಯುತ್ತಿದ್ದಳಂತೆ. ಬರೆಯಲು ಏನೂ ತೋಚದಿದ್ದಾಗ ಖಾಲಿ ಹಾಳೆಯನ್ನೇ ತೆರೆದು ಆ ಗುಂಡಿಯನ್ನು ಒತ್ತುತ್ತಿದ್ದಳಂತೆ. ಒತ್ತಿದಾಗಲೆಲ್ಲ ಕೆಳಗೆ 'ಕಾಪಾಡಲಾಗಿದೆ' ಎಂದು ಬರುತ್ತಿತ್ತು.

"ದೇವರ ಮೇಲೆ ನಂಗೇನೂ ಸಿಟ್ಟಿಲ್ಲ ಅಕ್ಕ. ಅವನಿಗೆ ಹೇಳೋ ಮಾತನ್ನ ಈ ಗುಂಡಿಗೆ ಹೇಳ್ಬಾರ್ದಿತ್ತು."

ಉಳಿಸು ಎಂದರೂ ಮತ್ತೆ ಅದೇ ಪ್ರಾರ್ಥನೆಯಾಗುತ್ತದೆ ಎಂದು ಯೋಚಿಸಿ, ಇರಲಿ ಎಂದು ಹಾಕುವಂತೆ ತಾನೇ ಗುಬ್ಬಿಗೆ ಹೇಳಿದ್ದಾಗಿ ತಿಳಿಸಿದಳು. ಅಕ್ಕ ಗೋಡೆ ನೋಡಿದಳು. ಕೇಳಬಾರದು ಎಂದುಕೊಂಡರೂ ಬಾಯಿ ಕೇಳಿತು.

"ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ ಹೇಳಿದ್ರೆ ಆಗಲೇ ಸರಿಮಾಡಿಬಿಡ್ತಿದ್ದೆ," ಎಂದಳು ಅಮ್ಮ. "ಗುಬ್ಬಿ ಮೊದ್ಲು ಅತ್ತಳು."

ಅಕ್ಕ ಮೇಜಿಗೆ ಹಿಂದಿರುಗಿದಳು. ತಾನು ತಿದ್ದಿದ್ದನ್ನು ತೆಗೆದು ತಂಗಿಯ ಸಾಲನ್ನೇ ಮತ್ತೆ ಹಾಕಿದಳು. 'ಕಾಪಾಡಲಾಗಿದೆ' ಎಂದಿದ್ದಲ್ಲಿ ತಂಗಿ ಬರೀ 'ಇದೆ' ಎಂದು ಬರೆದಿದ್ದಳು. ತನಗೆ ಅದು ಹೊಳೆಯುತ್ತಿರಲಿಲ್ಲ ಎಂದು ಅಕ್ಕನಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ತಂಗಿಯ ಮೇಲಿನ ಹೊಟ್ಟೆಕಿಚ್ಚು ಆರಲಿಲ್ಲ. ಹಾಗೆಯೇ ಪ್ರಕಟಿಸಿದಳು. ಅಮ್ಮನ ಕಂಪ್ಯೂಟರಿಗೂ ಹಾಕಿಕೊಟ್ಟು ಅಡುಗೆಮನೆಗೆ ಹೋದಳು.

ಒಳಗೆ ಕೀಲಿಗಳ ಸದ್ದು ಶುರುವಾಯಿತು. ಅಕ್ಕ ತೊಳೆದಿಟ್ಟಿದ್ದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಕೀಲಿಗಳ ಸದ್ದು ನಿಂತಾಗ ನಲ್ಲಿಯನ್ನು ಸಣ್ಣಗೆ ಮಾಡಿ ಕಿವಿಗೊಟ್ಟಳು. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಮೌಸು ಒಮ್ಮೆ ಚಿಟಕ್ಕೆಂದಿತು. ಅಮ್ಮ ಪರದೆ ನೋಡಿ ಮೆಲ್ಲಗೆ 'ಇದೆ' ಎಂದು ಓದಿಕೊಂಡಳು. ಅಕ್ಕ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನೀರು ಜೋರಾಗಿ ಸದ್ದು ಮಾಡುತ್ತ ಲೋಟದ ಅಂಚಿನಿಂದ ತುಂಬಿ ಹರಿಯತೊಡಗಿತು.